ಊರ ಹೆಸರಿನ ಒಡೆತನ

ಕಲಬುರಗಿಯ ಪೇಟೆಯಲ್ಲಿ ಸಂಜೆಯ ಹೊತ್ತು, ಕೆಂಪು ಬಾಳೆಯ ಚಿಪ್ಪುಗಳನ್ನು ಜೋಡಿಸಿಟ್ಟ ಬಂಡಿಯ ಮುಂದೆ ಗೃಹಿಣಿಯೊಬ್ಬಳು ನಿಂತು “ಕಮಲಾಪುರದ್ದೇನಪಾ?” ಎಂದು ಕೇಳುವುದೂ, ಬಂಡಿಯವನು “ಹೌದ್ರಿ ಅಕ್ಕಾರ, ಖಾಸ್ ಕಮಲಾಪುರದ್ದ” ಎಂದು ಹೇಳುವುದೂ ಯಾರೂ ಕಿವಿಗೊಡದಷ್ಟು ಸಾಮಾನ್ಯವಾದ ಮಾತುಗಳು. ಹಣ್ಣು ಕಮಲಾಪುರದ ತೋಟದಿಂದಲೇ ಬಂದುದಾದರೆ ಮುಂದೆ ಹೇಳತಕ್ಕದ್ದೇನೂ ಇಲ್ಲ. ಆದರೆ ಕೆಂಪು ಬಾಳೆ ಕಮಲಾಪುರದಲ್ಲಿ ಮಾತ್ರವೇ ಬೆಳೆಯುವುದಲ್ಲ. ತಮಿಳು ನಾಡಿನಲ್ಲಿ ಕೆಂಪು ಬಾಳೆಯನ್ನು ಸೆವ್ವಾಳೈ ಎನ್ನುವರು, ಮಲೆಯಾಳದಲ್ಲಿ ಚೆಂಕದಳಿ ಎನ್ನುವರು. ಬಂಡಿಯ ಮೇಲಿನ ಹಣ್ಣು ಆ ಕಡೆಯಿಂದ ಲಾರಿಯಲ್ಲಿ ಬಂದುದೆಂದು ಭಾವಿಸಬಹುದು. ಗೃಹಿಣಿ ಅದನ್ನು ಕೊಂಡಳು. ಮನೆಯಲ್ಲಿ ಮಕ್ಕಳು ಮೆಚ್ಚಿ ತಿಂದರು. ಕೊಟ್ಟ ಹಣಕ್ಕೆ ನಷ್ಟವಾಯಿತೆಂದು ಅವಳಿಗೆ ಎಂದೂ ತೋರಲಿಲ್ಲ. ಹಾಗಾದರೆ ಇಲ್ಲಿ ಅನ್ಯಾಯವಾದುದು ಯಾರಿಗೆ? ಸುಳ್ಳೊಂದು ಆಡಲ್ಪಟ್ಟಿತು ನಿಜ. ಆದರೆ ಅದರಿಂದ ಕೆಟ್ಟವರು ಯಾರೆಂದು ಹುಡುಕಹೊರಟರೆ ಕೈಗೆ ಸಿಕ್ಕುವವರು ಯಾರೂ ಇಲ್ಲವೆಂದೇ ಮೊದಲ ನೋಟಕ್ಕೆ ತೋರುವುದು.

ಈ ಸಣ್ಣ ಸಂಗತಿಯ ಹಿಂದೆ ಇರುವ ಪ್ರಶ್ನೆ ಸಣ್ಣದಲ್ಲ. ಚೆನ್ನೈ ನಗರದಲ್ಲಿ ಭಾರತ ಸರಕಾರದ ಒಂದು ಕಚೇರಿಯುಂಟು. ೧೯೯೯ರಲ್ಲಿ ಅಂಗೀಕೃತವಾಗಿ ೨೦೦೩ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾನೂನಿನಂತೆ, ಊರ ಹೆಸರನ್ನು ಹೊತ್ತ ಪದಾರ್ಥಗಳನ್ನು ಆ ಕಚೇರಿಯ ಪುಸ್ತಕದಲ್ಲಿ ನೋಂದಾಯಿಸುವರು. ಭೌಗೋಳಿಕ ಸೂಚಿಕೆಗಳೆಂದು ಇವುಗಳ ಹೆಸರು. ಕಮಲಾಪುರದ ಕೆಂಪು ಬಾಳೆ ಆ ಪುಸ್ತಕದಲ್ಲಿದೆ. ಈ ಜಿಲ್ಲೆಯ ತೊಗರಿ ಬೇಳೆಗೆ ೨೦೧೯ರಲ್ಲಿ ಅದೇ ಮರ್ಯಾದೆ ದೊರೆಯಿತು. ಆರು ಸಾವಿರ ಮೈಲುಗಳಿಗೂ ಹೆಚ್ಚಿನ ಸಮುದ್ರಮಾರ್ಗದ ಆಚೆ, ಮಳೆ ಗಾಳಿಗಳ ನಾಡಿನಲ್ಲಿ ಹುಟ್ಟಿದ ಸ್ಕಾಚ್ ವಿಸ್ಕಿಯೂ ಅದೇ ಪುಸ್ತಕದಲ್ಲಿದೆ. ಬಾಳೆಯ ಹಣ್ಣೂ ಮದ್ಯವೂ ಒಂದೇ ಪಂಕ್ತಿಯಲ್ಲಿ ಕುಳಿತಿರುವುದನ್ನು ಕಂಡು ನಗುವವರು ನಗಲಿ. ಕಮಲಾಪುರದ ಬಂಡಿಯ ಪ್ರಶ್ನೆಗೆ ಉತ್ತರವನ್ನು ಹುಡುಕುವವರಿಗೆ ಮಾತ್ರ ಸ್ಕಾಟ್ಲೆಂಡಿನ ಕಥೆ ತುಂಬ ಉಪಯುಕ್ತವಾದುದು. ಏಕೆಂದರೆ ಊರ ಹೆಸರಿಗಾಗಿ ಅವರು ಹೂಡಿದಷ್ಟು ವ್ಯಾಜ್ಯಗಳನ್ನು ಹೂಡಿದವರು ವಿರಳ.

ಮದ್ಯದ ಹೆಸರು ಬಂದೊಡನೆ ಸಭ್ಯರ ಮನೆಗಳಲ್ಲಿ ಹುಬ್ಬು ಮೇಲೇರುವುದು ಸಹಜ. ಸೇಂದಿ ಸಾರಾಯಿಗಳ ಅಬಕಾರಿ ಉತ್ಪತ್ತಿಯಿಂದ ನಿಜಾಮರ ಬೊಕ್ಕಸ ತುಂಬುತ್ತಿದ್ದುದನ್ನೂ, ಸಂಸಾರಗಳು ಬರಿದಾಗುತ್ತಿದ್ದುದನ್ನೂ ಈ ಜಿಲ್ಲೆ ಕಂಡಿದೆ. ಕರ್ನಾಟಕದಲ್ಲಿ ಸಾರಾಯಿಯ ಮಾರಾಟ ೨೦೦೭ರ ಜುಲೈ ೧ರಿಂದ ನಿಂತಿತು. ಕುಡಿಯುವುದು ಸರಿಯೇ ತಪ್ಪೇ ಎಂಬುದು ಬೇರೊಂದು ಪ್ರಬಂಧದ ವಿಷಯ. ಹೆಂಡ ಮಾರುವ ಕಾಯಕದ ಹೆಸರನ್ನೇ ಮುಂದಿಟ್ಟುಕೊಂಡು ಶರಣರ ಸಾಲಿನಲ್ಲಿ ನಿಂತ ಹೆಂಡದ ಮಾರಯ್ಯನಿಗೆ ಕಲ್ಯಾಣದಲ್ಲಿ ಸ್ಥಾನವಿದ್ದಮೇಲೆ, ಭಟ್ಟಿಯ ಕೆಲಸದಿಂದ ಒಂದು ನೀತಿಯ ಪ್ರಶ್ನೆಯನ್ನು ತೆಗೆದುಕೊಳ್ಳುವುದಕ್ಕೆ ಮೈಲಿಗೆಯೇನೂ ಇಲ್ಲ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಐಲಾ ಎಂಬ ದ್ವೀಪವಿದೆ. ಕೆನಕ್ರೇಗ್ ಎಂಬ ರೇವಿನಿಂದ ಹಡಗು ಹತ್ತಿದರೆ ಸುಮಾರು ಎರಡು ಗಂಟೆಗಳ ಪ್ರಯಾಣ. ದ್ವೀಪದ ದಕ್ಷಿಣ ತೀರದಲ್ಲಿ ಲಫ್ರಾಯ್ಗ್, ಲಗವೂಲಿನ್, ಆರ್ಡ್‌ಬೆಗ್ ಎಂಬ ಮೂರು ಭಟ್ಟಿಗಳು ಮೂರು ಮೈಲುಗಳೊಳಗೆ ಒಂದರ ಪಕ್ಕಕ್ಕೊಂದು ನಿಂತಿವೆ. ಸಮುದ್ರಕ್ಕೆ ಮುಖಮಾಡಿದ ಅವುಗಳ ಗೋಡೆಗಳಿಗೆ ಸುಣ್ಣ ಬಳಿದು, ಹಡಗಿನಲ್ಲಿರುವವರು ದೂರದಿಂದಲೇ ಓದುವಂತೆ ಆಳೆತ್ತರದ ಕಪ್ಪು ಅಕ್ಷರಗಳಲ್ಲಿ ಊರ ಹೆಸರನ್ನು ಬರೆದಿರುವರು. ಪ್ರಯಾಣಿಕನಿಗೆ ದ್ವೀಪದ ಗುಡ್ಡ, ಕುರಿಹಿಂಡು, ಮೋಡಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಆ ಅಕ್ಷರಗಳು. ಕಮಲಾಪುರದ ತೋಟದ ಬೇಲಿಯ ಮೇಲೆ ಹಾಗೆ ಹೆಸರು ಬರೆದವರು ಇಲ್ಲ.

ಅಲ್ಲಿನ ಕೆಲಸದ ಕ್ರಮ ತಿಳಿಯದೆ ಮುಂದಿನ ವಿಚಾರ ಸ್ಪಷ್ಟವಾಗುವುದಿಲ್ಲ. ಜವೆಗೋಧಿಯನ್ನು ನೀರಿನಲ್ಲಿ ನೆನೆಸಿ, ನೆಲದ ಮೇಲೆ ಹರವಿ, ಮೊಳಕೆ ಬರಿಸುವರು. ಮೊಳಕೆಯೊಡೆಯುವಾಗ ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುವ ಶಕ್ತಿ ಅದರಲ್ಲೇ ಹುಟ್ಟುತ್ತದೆ. ಆ ಹದದಲ್ಲಿ ಕಾಳನ್ನು ಒಣಗಿಸಿ ಮೊಳಕೆಯನ್ನು ನಿಲ್ಲಿಸಬೇಕು. ದ್ವೀಪದಲ್ಲಿ ಮರಗಳು ಕಡಮೆ. ಆದುದರಿಂದ ಅಲ್ಲಿನವರು ಬಹು ಹಿಂದಿನಿಂದ ಪೀಟ್ ಎಂಬ ನೆಲದ ಸೌದೆಯನ್ನು ಉರಿಸುತ್ತಾರೆ. ಜೌಗು ಭೂಮಿಯಲ್ಲಿ ಪಾಚಿ ಗಿಡಗಂಟಿಗಳು ಸಾವಿರಾರು ವರ್ಷ ಅರೆಕೊಳೆತು ಒತ್ತಿಕೊಂಡು ಆದ ಮಣ್ಣು ಅದು; ಹೆಂಟೆಯಾಗಿ ಕಡಿದು ಗಾಳಿಗೆ ಒಣಗಿಸಿದರೆ ನಿಧಾನವಾಗಿ ಹೊಗೆಯಾಡುತ್ತ ಉರಿಯುತ್ತದೆ. ಆ ಹೊಗೆ ಕಾಳಿಗೆ ಹಿಡಿದು ಕೊನೆಯವರೆಗೂ ಬಿಡದು. ಹೊಸಬರಿಗೆ ಆ ವಾಸನೆ ಆಸ್ಪತ್ರೆಯ ನೆಲ ತೊಳೆಯುವ ಔಷಧದ ನೆನಪು ತರುವುದಂತೆ. ಅದಕ್ಕಾಗಿಯೇ ಹೆಚ್ಚು ಹಣ ತೆರುವವರು ಲೋಕದಲ್ಲಿದ್ದಾರೆಂಬುದು ರುಚಿಯ ವಿಚಾರದಲ್ಲಿ ತರ್ಕ ನಡೆಯದೆಂಬುದಕ್ಕೆ ಸಾಕ್ಷಿ. ಬಳಿಕ ಕಾಳನ್ನು ಒಡೆದು, ಬಿಸಿನೀರಿನಲ್ಲಿ ಸಕ್ಕರೆಯನ್ನು ಇಳಿಸಿ, ಕಿಣ್ವ ಹಾಕಿ ಹುದುಗಿಸಿ, ತಾಮ್ರದ ದೊಡ್ಡ ಪಾತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ಸಲ ಭಟ್ಟಿ ಇಳಿಸುವರು. ಆಗ ಬರುವ ದ್ರವಕ್ಕೆ ಬಣ್ಣವಿಲ್ಲ, ನೀರಿನಂತೆ ತಿಳಿಯಾಗಿರುತ್ತದೆ. ಅದನ್ನು ಓಕ್ ಮರದ ಪೀಪಾಯಿಯಲ್ಲಿ ತುಂಬಿ ಕತ್ತಲೆಯ ಕೋಣೆಯಲ್ಲಿ ವರ್ಷಗಟ್ಟಲೆ ಇಡುವರು. ಬಣ್ಣವೂ, ರುಚಿಯ ಬಹುಭಾಗವೂ ಮರದಿಂದ ಬರುವುವು. ೨೦೦೯ರ ನಿಯಮಾವಳಿಯಂತೆ, ೭೦೦ ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ ಸ್ಕಾಟ್ಲೆಂಡಿನ ನೆಲದ ಮೇಲೆಯೇ ಮೂರು ವರ್ಷಕ್ಕೆ ಕಡಮೆಯಿಲ್ಲದೆ ಇದ್ದುದಕ್ಕೆ ಮಾತ್ರ ಸ್ಕಾಚ್ ಎಂಬ ಹೆಸರು ಸಲ್ಲುವುದು. ಒಂದೇ ಭಟ್ಟಿಯಲ್ಲಿ, ಮೊಳಕೆಯ ಜವೆಗೋಧಿಯೊಂದರಿಂದಲೇ ಇಳಿಸಿದುದು ಸಿಂಗಲ್ ಮಾಲ್ಟ್.

ಇಷ್ಟನ್ನು ಕೇಳಿದಮೇಲೆ, ಆ ದ್ರವದಲ್ಲಿ ಐಲಾ ದ್ವೀಪವೇ ಕರಗಿದೆಯೆಂದು ಒಪ್ಪಿಬಿಡಲು ಮನಸ್ಸು ಹಾತೊರೆಯುವುದು. ಆದರೆ ಸ್ವಲ್ಪ ತಡೆದು ವಿಚಾರಿಸಬೇಕು. ಅಲ್ಲಿ ಬಳಸುವ ಜವೆಗೋಧಿಯ ಹೆಚ್ಚಿನ ಭಾಗ ದ್ವೀಪದ್ದಲ್ಲ. ಹೊರಗಿನಿಂದ ಹಡಗಿನಲ್ಲಿ ಬರುತ್ತದೆ. ಪೀಪಾಯಿಗಳಲ್ಲಿ ಬಹುಪಾಲು ಅಮೆರಿಕದಲ್ಲಿ ಬೂರ್ಬನ್ ತುಂಬಿ ಬರಿದಾದುವು, ಉಳಿದುವು ಸ್ಪೇನ್ ದೇಶದ ಶೆರ್ರಿಯವು. ಕೋಲ್ ಈಲಾ ಎಂಬ ಭಟ್ಟಿಯ ಸರಕಂತೂ ಬಹುಮಟ್ಟಿಗೆ ಟ್ಯಾಂಕರುಗಳಲ್ಲಿ ದ್ವೀಪದಿಂದ ಹೊರಟು ಬೇರೆಡೆಯ ಉಗ್ರಾಣಗಳಲ್ಲಿ ಹಣ್ಣಾಗುತ್ತದೆ. ಒಡೆತನವನ್ನು ಕೇಳಿದರೆ, ಲಗವೂಲಿನ್ ಲಂಡನ್ನಿನ ದೊಡ್ಡ ಕಂಪನಿಯದು, ಆರ್ಡ್‌ಬೆಗ್ ಪ್ಯಾರಿಸಿನದು, ಲಫ್ರಾಯ್ಗ್ ಜಪಾನಿನದು. ಕಾಳು ಹೊರಗಿನದು, ಮರ ಹೊರಗಿನದು, ಹಣ ಹೊರಗಿನದು. ದ್ವೀಪದ್ದಾಗಿ ಉಳಿದುದು ನೀರು, ಹೊಗೆ, ಗಾಳಿ, ಕೆಲಸ ಬಲ್ಲ ಕೈಗಳು ಮತ್ತು ಗೋಡೆಯ ಮೇಲಿನ ಹೆಸರು. ಬ್ರುಕ್‌ಲ್ಯಾಡಿ ಎಂಬ ಭಟ್ಟಿ ೧೯೯೪ರಲ್ಲಿ ಮುಚ್ಚಿ ೨೦೦೧ರಲ್ಲಿ ಮತ್ತೆ ತೆರೆದಮೇಲೆ ದ್ವೀಪದ ರೈತರಿಂದಲೇ ಜವೆಗೋಧಿಯನ್ನು ಬೆಳೆಸಲು ತೊಡಗಿತು. ಹೆಸರಿಗೆ ತಕ್ಕ ನಡತೆ ಬೇಕೆಂಬ ಯೋಚನೆ ಅಲ್ಲಿಯೂ ಕೆಲವರಿಗೆ ಬಂದಿರಬೇಕು.

ಬೆಂಗಳೂರಿನ ಸಂಗತಿಯನ್ನೂ ಇಲ್ಲಿ ಹೇಳಬೇಕು. ೧೯೪೮ರಲ್ಲಿ ರಾಧಾಕೃಷ್ಣ ಜಗದಾಳೆಯವರು ಸ್ಥಾಪಿಸಿದ ಅಮೃತ್ ಎಂಬ ಭಟ್ಟಿ ೨೦೦೪ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋ ನಗರದಲ್ಲಿಯೇ, ಎಂದರೆ ಸಿಂಹದ ಗವಿಯಲ್ಲಿಯೇ, ಮೊದಲು ಮಾರಾಟಕ್ಕಿಟ್ಟಿತು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಸುಮಾರು ಎರಡು ಪಾಲು ಆವಿಯಾಗಿ ಹೋಗುವುದು. ಅದನ್ನು ಅವರು ದೇವದೂತರ ಪಾಲು ಎನ್ನುತ್ತಾರೆ. ಬೆಂಗಳೂರಿನ ಬಿಸಿಲಿನಲ್ಲಿ ಅದು ಹತ್ತು ಹನ್ನೆರಡು ಪಾಲಿನವರೆಗೆ ಏರುತ್ತದೆ. ಅಲ್ಲಿ ಹನ್ನೆರಡು ವರ್ಷ ಬೇಕಾದ ಹದ ಇಲ್ಲಿ ನಾಲ್ಕೈದು ವರ್ಷಗಳಲ್ಲಿ ಬರುವುದು. ಈ ಭಟ್ಟಿಯವರ ಒಂದು ಬಗೆಯಲ್ಲಿ ಸ್ಕಾಟ್ಲೆಂಡಿನ ಹೊಗೆ ಹಿಡಿದ ಜವೆಗೋಧಿಯೂ ಇಂಡಿಯಾದ ಜವೆಗೋಧಿಯೂ ಕೂಡಿವೆ. ಅವರು ಅದನ್ನು ಸ್ಕಾಚ್ ಎನ್ನಲಿಲ್ಲ, ಇಂಡಿಯದ ಸಿಂಗಲ್ ಮಾಲ್ಟ್ ಎಂದರು. ಹೆಸರನ್ನು ಎರವಲು ಪಡೆಯದೆ ಕಸಬನ್ನು ಮಾತ್ರ ಕಲಿತರು. ಕಸಬನ್ನು ಕಲಿಯುವುದು ಕಳವಲ್ಲವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಹಾಗಾದರೆ ಹೆಸರನ್ನು ತೆಗೆದುಕೊಳ್ಳುವುದು ಮಾತ್ರ ಏಕೆ ಕಳವಾಗುವುದು?

ನೆಲದ ಗುಣ ಪದಾರ್ಥಕ್ಕೆ ಇಳಿಯುವುದರಿಂದ ಹೆಸರು ನೆಲದ್ದೆಂದು ಸಾಮಾನ್ಯವಾಗಿ ಹೇಳುವರು. ಈ ಉತ್ತರ ಕಮಲಾಪುರದ ಬಾಳೆಗೆ ಸ್ವಲ್ಪ ಹೆಚ್ಚಾಗಿಯೇ ಒಪ್ಪುತ್ತದೆ. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಹೊರಟವನು ತೊಗರಿಯ ಕಪ್ಪು ಎರೆಯನ್ನು ದಾಟಿ ಕಮಲಾಪುರದ ಕಣಿವೆಗೆ ಬಂದರೆ ಮಣ್ಣು ಕೆಂಪಾಗುವುದನ್ನು ಕಣ್ಣಾರೆ ಕಾಣುವನು. ಆದರೂ ನೆಲವೊಂದೇ ಕಾರಣವೆಂದರೆ ಪೂರ್ತಿ ಸತ್ಯವಾಗದು. ಅದೇ ಕೆಂಪು ಮಣ್ಣಿನಲ್ಲಿ ಯಾರೂ ಬಾಳೆ ನೆಡದೆ ಇದ್ದಿದ್ದರೆ ಹೆಸರೆಲ್ಲಿ ಬರುತ್ತಿತ್ತು? ಕಂದನ್ನು ಆರಿಸಿದವರು, ನೀರು ಹಾಯಿಸಿದವರು, ಗೊನೆಗೆ ಊರೆ ಕೊಟ್ಟವರು, ಬಲಿಯದ ಕಾಯನ್ನು ಪೇಟೆಗೆ ಕಳಿಸದೆ ತಡೆದವರು, ಹೀಗೆ ತಲೆತಲಾಂತರದ ಒಕ್ಕಲು ಸೇರಿ, ಕಮಲಾಪುರವೆಂಬ ನಾಲ್ಕಾರು ಅಕ್ಷರಗಳಿಗೆ ಒಂದು ನಂಬಿಕೆಯನ್ನು ತುಂಬಿದರು. ಗೃಹಿಣಿ ಬಂಡಿಯ ಮುಂದೆ ಕೇಳಿದುದು ಮಣ್ಣಿನ ರಸಾಯನವನ್ನಲ್ಲ. ಹಿಂದೆ ತಿಂದವರು ಮೆಚ್ಚಿದ್ದರು, ತನಗೂ ಅದು ಸಿಕ್ಕೀತೆ ಎಂದು ಕೇಳಿದಳು. ಬಂಡಿಯವನು ಹೌದೆಂದಾಗ ಬಳಸಿಕೊಂಡದ್ದು ಕಮಲಾಪುರದ ತೋಟಿಗರು ಕೂಡಿಟ್ಟ ಆ ನಂಬಿಕೆಯನ್ನು. ಇಲ್ಲಿಗೆ ಮೊದಲ ಪ್ರಶ್ನೆಗೆ ಒಂದು ಅರ್ಧ ಉತ್ತರ ದೊರೆಯಿತು. ಅನ್ಯಾಯವಾದುದು ಕೊಂಡವಳಿಗಿಂತ ಹೆಚ್ಚಾಗಿ, ಆ ಸಂಜೆ ಪೇಟೆಯಲ್ಲಿ ಇಲ್ಲದೆ ಹೋದ ಒಬ್ಬನಿಗೆ.

ಸ್ಕಾಟ್ಲೆಂಡಿನವರು ಈ ಅನ್ಯಾಯವನ್ನು ಮೊದಲು ಕಂಡುದು ತಮ್ಮ ತಮ್ಮೊಳಗೆ. ಗ್ಲೆನ್‌ಲಿವೆಟ್ ಎಂಬ ಕಣಿವೆಯಲ್ಲಿ ಸ್ಮಿತ್ ಎಂಬವನು ೧೮೨೪ರಲ್ಲಿ ಪರವಾನಗಿ ಪಡೆದು ಭಟ್ಟಿಯಿಟ್ಟನು. ಅವನ ಸರಕಿಗೆ ಹೆಸರು ಬಂದೊಡನೆ ಸುತ್ತಮುತ್ತಲ ಎಷ್ಟೋ ಭಟ್ಟಿಗಳು ತಮ್ಮವೂ ಗ್ಲೆನ್‌ಲಿವೆಟ್ ಎಂದು ಕರೆದುಕೊಂಡುವು. ಕಣಿವೆಯಿಂದ ಇಪ್ಪತ್ತು ಮೈಲು ದೂರದವರೂ ಬಿಡಲಿಲ್ಲ. ಸ್ಕಾಟ್ಲೆಂಡಿನ ಅತಿ ಉದ್ದದ ಕಣಿವೆ ಇದೇ ಎಂದು ಜನ ಹಾಸ್ಯ ಮಾಡುತ್ತಿದ್ದರಂತೆ. ೧೮೮೪ರಲ್ಲಿ ವ್ಯಾಜ್ಯ ಒಪ್ಪಂದದಲ್ಲಿ ಮುಗಿದು, ಬರಿಯ ಹೆಸರು ಸ್ಮಿತ್ ಮನೆತನಕ್ಕೆ ಉಳಿಯಿತು; ಮಿಕ್ಕವರು ತಮ್ಮ ಹೆಸರಿಗೆ ಅಡ್ಡಗೆರೆಯೊಂದನ್ನು ಹಾಕಿ ಗ್ಲೆನ್‌ಲಿವೆಟ್ ಸೇರಿಸಿಕೊಳ್ಳಬಹುದೆಂದಾಯಿತು. ಅಡ್ಡಗೆರೆಯಿಂದ ಧರ್ಮವನ್ನು ಅಳೆದ ಈ ತೀರ್ಮಾನ ವಕೀಲರಿಗೆ ಶೋಭಿಸುವಂಥದು.

ಕರ್ನಾಟಕದ ವ್ಯಾಜ್ಯ ಇದಕ್ಕಿಂತ ವಿಚಾರಯೋಗ್ಯವಾದುದು. ಬೆಂಗಳೂರಿನ ಖೋಡೆ ಭಟ್ಟಿಯವರು ೧೯೬೮ರಲ್ಲಿ ಪೀಟರ್ ಸ್ಕಾಟ್ ಎಂಬ ಹೆಸರಿನ ವಿಸ್ಕಿಯನ್ನು ಹೊರತಂದರು. ಎಡಿನ್‌ಬರೋದ ಸ್ಕಾಚ್ ವಿಸ್ಕಿ ಸಂಘಕ್ಕೆ ೧೯೭೪ರಲ್ಲಿ ಇದು ತಿಳಿಯಿತು. ಹೆಸರನ್ನು ತೆಗೆಯಿಸಬೇಕೆಂಬ ಅರ್ಜಿ ಬಂದುದು ಮಾತ್ರ ೧೯೮೬ರಲ್ಲಿ. ಆ ಹೆಸರನ್ನು ಸೂಚಿಸಿದವನು, ತನ್ನ ತಂದೆ ಸ್ಕಾಟ್ಲೆಂಡಿನವನೆಂದೂ, ಧ್ರುವಪ್ರದೇಶಕ್ಕೆ ಹೋದ ಕ್ಯಾಪ್ಟನ್ ಸ್ಕಾಟ್ ಮತ್ತು ಆತನ ಮಗ ಪೀಟರ್ ಸ್ಕಾಟರ ಹೆಸರು ಮನಸ್ಸಿನಲ್ಲಿತ್ತೆಂದೂ ಪ್ರಮಾಣಪತ್ರದಲ್ಲಿ ಹೇಳಿದನು. ಕೆಳಗಿನ ಅಧಿಕಾರಿಯೂ ಮದರಾಸು ಹೈಕೋರ್ಟೂ ಸಂಘದ ಕಡೆ ತೀರ್ಪಿತ್ತುವು. ೨೦೦೮ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಸಂಘ ಬಹುಕಾಲ ಸುಮ್ಮನಿದ್ದುದು ಒಂದು ಕಾರಣ. ಇಂಥ ಪಾನೀಯವನ್ನು ಕೊಳ್ಳುವವರು ತಿಳಿದವರು, ಸ್ಕಾಚ್ ಯಾವುದು ಅಲ್ಲದ್ದು ಯಾವುದು ಎಂದು ಬಲ್ಲರು ಎಂಬುದು ಇನ್ನೊಂದು.

ಕಾನೂನಿಗೆ ಈ ತೀರ್ಪು ಸರಿಯಿರಬಹುದು. ವ್ಯಾಜ್ಯಗಳಿಗೆ ಒಂದು ಗಡುವು ಇಲ್ಲದಿದ್ದರೆ ಲೋಕವ್ಯವಹಾರ ನಡೆಯದು. ನೀತಿಯ ಕಣ್ಣಿಗೆ ಮಾತ್ರ ಇವೆರಡು ಕಾರಣಗಳೂ ಬದಿಯ ಕಾರಣಗಳಾಗಿಯೇ ತೋರುತ್ತವೆ. ತಡವಾಗಿ ದೂರಿದ ಮಾತ್ರಕ್ಕೆ ತಪ್ಪು ಒಪ್ಪಾಗದು. ಕೊಳ್ಳುವವನು ಜಾಣನಾದುದರಿಂದ ಮಾರುವವನ ಮಾತು ಶುದ್ಧವಾಗದು. ಕೇಳಬೇಕಾದ ಪ್ರಶ್ನೆ ಬೇರೆ. ಹೆಸರನ್ನು ಇಟ್ಟವನು ಪರರ ಕೀರ್ತಿಯ ನೆರಳಿನಲ್ಲಿ ನಿಲ್ಲುವುದಕ್ಕಾಗಿ ಇಟ್ಟನೇ, ಅಥವಾ ತನ್ನದೇ ಒಂದು ನೆನಪಿಗಾಗಿ ಇಟ್ಟನೇ? ತಂದೆಯ ನಾಡನ್ನು ನೆನೆಯುವುದು ನಿರ್ದೋಷ. ಸೀಸೆಯ ಮೇಲೆ ಬಂದಾಗ ಆ ನೆನಪೇ ನೆರಳೂ ಆಗುವುದು ಸಾಧ್ಯ. ಇವೆರಡನ್ನೂ ಬೇರ್ಪಡಿಸುವ ತಕ್ಕಡಿ ಯಾವ ನ್ಯಾಯಾಲಯದಲ್ಲಿಯೂ ಇಲ್ಲ.

ಜರ್ಮನಿಯ ಪ್ರಕರಣ ಇದರ ತಲೆಕೆಳಗಾದುದು. ಸ್ವೇಬಿಯ ಪ್ರಾಂತದಲ್ಲಿ ಬೆರ್ಗ್ಲೆನ್ ಎಂಬ ಊರಿನ ಭಟ್ಟಿಯವನು, ಊರ ಹೆಸರಿನ ಬಾಲವನ್ನೂ ಅಲ್ಲಿ ಹರಿಯುವ ಹಳ್ಳದ ಹೆಸರನ್ನೂ ಕೂಡಿಸಿ ತನ್ನ ವಿಸ್ಕಿಗೆ ಗ್ಲೆನ್ ಬೂಖೆನ್‌ಬಾಖ್ ಎಂದು ಹೆಸರಿಟ್ಟನು. ಜರ್ಮನಿಯದೆಂದು ಸೀಸೆಯ ಮೇಲೆ ಸ್ಪಷ್ಟವಾಗಿ ಬರೆದೂ ಇದ್ದನು. ಗ್ಲೆನ್ ಎಂದರೆ ಸ್ಕಾಟ್ಲೆಂಡಿನವರ ಭಾಷೆಯಲ್ಲಿ ಕಣಿವೆ. ಅದನ್ನು ಕೇಳಿದವರ ಮನಸ್ಸು ನೇರವಾಗಿ ಸ್ಕಾಚ್ ಕಡೆಗೆ ಓಡುವುದೆಂದು ವ್ಯಾಜ್ಯ ಹೂಡಲಾಯಿತು. ಯೂರೋಪಿನ ನ್ಯಾಯಾಲಯ ೨೦೧೮ರಲ್ಲಿ ಅದರ ಸೂತ್ರವನ್ನು ಹೇಳಿತು. ೨೦೧೯ರಲ್ಲಿ ಹ್ಯಾಂಬರ್ಗಿನ ನ್ಯಾಯಾಲಯ ಆ ಹೆಸರನ್ನು ನಿಷೇಧಿಸಿತು. ತನ್ನೂರ ಹೆಸರಿನ ತುಂಡೊಂದನ್ನು ತಾನೇ ಬಳಸಲಾಗದೆ ಆ ಮನುಷ್ಯನು ಸೋತನು. ಸ್ಕಾಟ್ಲೆಂಡಿನವರ ನಂಬಿಕೆಯನ್ನು ಕಾಯುವುದಕ್ಕಾಗಿ ಇನ್ನೊಂದು ಊರಿನವನ ಹುಟ್ಟುಹಕ್ಕನ್ನು ಕಿತ್ತುಕೊಂಡ ಈ ತೀರ್ಪು, ಹೆಸರಿನ ಕಾವಲು ಎಲ್ಲಿಯವರೆಗೆ ಹೋದೀತೆಂಬುದನ್ನು ತೋರಿಸುತ್ತದೆ. ಬೆಂಗಳೂರಿನವರು ಗೆದ್ದುದು ಸ್ವಲ್ಪ ಸಡಿಲಾದ ನ್ಯಾಯವಾದರೆ, ಬೆರ್ಗ್ಲೆನ್ನಿನವನು ಸೋತುದು ಅತಿ ಬಿಗಿಯಾದ ನ್ಯಾಯ.

ಇಂಥ ತೊಡಕು ಕಮಲಾಪುರಕ್ಕೆ ಬಾರದೆಂದು ಹೇಳುವಂತಿಲ್ಲ. ಹಂಪೆಯ ಮಗ್ಗುಲಲ್ಲಿ ಇನ್ನೊಂದು ಕಮಲಾಪುರವಿದೆ. ಅದರ ಸುತ್ತಲೂ ಬಾಳೆಯ ತೋಟಗಳೇ. ಅಲ್ಲಿಯ ರೈತನೊಬ್ಬನು ತನ್ನ ಗೊನೆಗಳನ್ನು ತಂದು ಕಲಬುರಗಿಯ ಪೇಟೆಯಲ್ಲಿ “ಕಮಲಾಪುರದ ಬಾಳೆ” ಎಂದು ಕೂಗಿದರೆ ಅವನ ಮಾತಿನ ಒಂದಕ್ಷರವೂ ಸುಳ್ಳಲ್ಲ. ಆದರೂ ಕೇಳಿದವರ ಮನಸ್ಸಿನಲ್ಲಿ ಸುಳ್ಳೇ ಮೂಡುವುದು. ಸತ್ಯವೆಂಬುದು ಆಡಿದ ಮಾತಿನಲ್ಲಿದೆಯೋ ಕೇಳಿದವನ ತಿಳಿವಳಿಕೆಯಲ್ಲಿದೆಯೋ ಎಂಬ ಹಳೆಯ ಪ್ರಶ್ನೆ ಇಲ್ಲಿ ಬಾಳೆಯ ಗೊನೆಯಾಗಿ ತೂಗುತ್ತದೆ. ಕೇಳುವವನ ಊಹೆ ತಪ್ಪೆಂದು ಬಲ್ಲವನು ಅದನ್ನು ತಿದ್ದದೆ ಲಾಭ ಪಡೆದರೆ, ಅವನು ಸತ್ಯವನ್ನೇ ಆಡಿ ಸುಳ್ಳಿನ ಫಲವನ್ನು ಉಂಡಂತೆ. ಅವನಿಗೆ ತನ್ನೂರ ಹೆಸರನ್ನು ಹೇಳಬಾರದೆನ್ನುವುದೂ ಅನ್ಯಾಯ. “ಹಂಪಿ ಕಡೀ ಕಮಲಾಪುರದ್ದ” ಎಂಬ ಎರಡು ಮಾತು ಸೇರಿಸಿದರೆ ಎರಡೂ ಕಡೆಯ ಋಣ ತೀರುವುದು. ಕಮಲಾಪುರವನ್ನು ಅಡ್ಡಹೆಸರಾಗಿ ಹೊತ್ತು ಪುಣೆಗೋ ಸೊಲ್ಲಾಪುರಕ್ಕೋ ಹೋಗಿ ನೆಲೆಸಿದ ಮನೆತನ ಅಲ್ಲಿ ಹಣ್ಣಿನಂಗಡಿಯಿಟ್ಟರೂ ಇದೇ ನ್ಯಾಯ ಸಲ್ಲಬೇಕು. ಹೆಸರು ಜನರೊಂದಿಗೆ ಪ್ರಯಾಣ ಮಾಡುವುದನ್ನು ಯಾರೂ ತಡೆಯಲಾರರು. ಈ ನಗರದ್ದನ್ನೇ ನೋಡಿದರೆ, ೨೦೧೪ರ ನವೆಂಬರ್ ೧ರಂದು ಗುಲ್ಬರ್ಗ ಹೋಗಿ ಕಲಬುರಗಿ ಬಂದಿತು. ಐದು ವರ್ಷಗಳ ಮೇಲೆ ನೋಂದಣಿಯಾದ ತೊಗರಿ ಬೇಳೆ ಮಾತ್ರ ಪುಸ್ತಕದಲ್ಲಿ ಗುಲ್ಬರ್ಗದ್ದಾಗಿಯೇ ಉಳಿದಿದೆ. ಊರು ಬಿಟ್ಟ ಹೆಸರನ್ನು ಬೇಳೆ ಹಿಡಿದುಕೊಂಡಿದೆ.

ಇನ್ನೊಂದು ತಾರತಮ್ಯವನ್ನು ಎತ್ತಿ ಹೇಳದೆ ಬಿಡಲಾಗದು. ೧೯೯೫ರ ಜನವರಿಯಿಂದ ನಡೆಯುತ್ತಿರುವ ಜಾಗತಿಕ ವ್ಯಾಪಾರದ ಒಪ್ಪಂದದಲ್ಲಿ ಊರ ಹೆಸರುಗಳಿಗೆ ಎರಡು ಮಟ್ಟದ ರಕ್ಷೆಯಿದೆ. ದ್ರಾಕ್ಷಾರಸಕ್ಕೂ ಮದ್ಯಕ್ಕೂ ಕೊಟ್ಟ ರಕ್ಷೆ ಪೂರ್ಣವಾದುದು. ಕೊಳ್ಳುವವನಿಗೆ ಮೋಸವಾಗದಿದ್ದರೂ, “ಅದರ ರೀತಿಯದು” ಎಂದು ಬರೆದಿದ್ದರೂ, ಹೊರಗಿನವನು ಆ ಹೆಸರನ್ನು ಮುಟ್ಟುವಂತಿಲ್ಲ. ಹಣ್ಣು, ಬೇಳೆ, ಬಟ್ಟೆ ಮುಂತಾದುವುಗಳಿಗೆ, ಜನರು ದಾರಿ ತಪ್ಪುತ್ತಾರೆಂದು ತೋರಿಸಿದರೆ ಮಾತ್ರ ಸಾಮಾನ್ಯವಾಗಿ ರಕ್ಷೆ. ಎಂದರೆ ಐಲಾದ ಮದ್ಯಕ್ಕೆ ಉಕ್ಕಿನ ಬೇಲಿ, ಕಮಲಾಪುರದ ಬಾಳೆಗೆ ಮುಳ್ಳಿನ ಬೇಲಿ. ಭಾರತವೂ ಬೇರೆ ಹಲವು ದೇಶಗಳೂ ಈ ಭೇದವನ್ನು ತೆಗೆಯಬೇಕೆಂದು ಕೇಳುತ್ತ ಬಂದಿವೆ. ಭೇದಕ್ಕೆ ನೀತಿಯ ಕಾರಣವನ್ನು ಹುಡುಕಿದರೆ ಒಂದೂ ಸಿಕ್ಕುವುದಿಲ್ಲ. ಒಪ್ಪಂದ ಬರೆಯುವಾಗ ಮೇಜಿನ ಸುತ್ತ ಬಲವಾಗಿ ಕುಳಿತವರು ಯಾರೆಂಬ ಚರಿತ್ರೆಯ ಕಾರಣ ಮಾತ್ರ ಸಿಕ್ಕುತ್ತದೆ. ಬಡವನ ಮನೆಯ ದೀಪಕ್ಕೂ ಸಾಹುಕಾರನ ಮನೆಯ ದೀಪಕ್ಕೂ ಗಾಳಿ ಒಂದೇ ಎಂಬುದನ್ನು ಅಲ್ಲಿ ಯಾರೂ ನೆನೆಯಲಿಲ್ಲ.

ಹೆಸರು ಸೊತ್ತೇ ಆದರೆ ಅದು ಎಂಥ ಸೊತ್ತು? ಈ ಪ್ರಶ್ನೆಯನ್ನು ಕೇಳುವುದಕ್ಕೆ ಕಲಬುರಗಿಗಿಂತ ತಕ್ಕ ಸ್ಥಳ ಬೇರೊಂದಿಲ್ಲ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನನ್ನು ಈ ಜಿಲ್ಲೆಯ ಮರ್ತೂರು ತನ್ನವನೆಂದು ನೆನೆಯುತ್ತದೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವುದು ತಂದೆ ಸತ್ತಾಗ ಅಲ್ಲ, ತಾನು ಹುಟ್ಟಿದಾಗಲೇ ಎಂಬುದು ಅವನ ಸಿದ್ಧಾಂತ. ಅದರಿಂದ ತಂದೆಯ ಕೈಗೆ ಒಂದು ಕಟ್ಟು ಬೀಳುತ್ತದೆ. ಆಪತ್ತಿನಲ್ಲಿ, ಕುಟುಂಬದ ಪೋಷಣೆಗೆ, ಧರ್ಮಕಾರ್ಯಕ್ಕೆ ಹೊರತು ಮೂಲದ ಭೂಮಿಯನ್ನು ಅವನು ಮನಸ್ಸು ಬಂದಂತೆ ಪರಾಧೀನ ಮಾಡುವಂತಿಲ್ಲ. ಇನ್ನೂ ಹುಟ್ಟಬೇಕಾದವರ ಅನ್ನವೂ ಅದರಲ್ಲಿದೆಯೆಂಬುದು ಅದರ ಹಿಂದಿನ ಭಾವ. ೧೯೯೯ರ ಕಾನೂನನ್ನು ಬರೆದವರು ಮಿತಾಕ್ಷರೆಯನ್ನು ಎದುರಿಗಿಟ್ಟುಕೊಂಡಿದ್ದರೆಂದು ಹೇಳಲು ಆಧಾರವಿಲ್ಲ. ಆದರೂ ಅದರ ೨೪ನೆಯ ಕಲಮನ್ನು ಓದಿದವನಿಗೆ ಮರ್ತೂರಿನ ನೆನಪು ಬಾರದಿರದು. ನೋಂದಾಯಿತ ಊರ ಹೆಸರಿನ ಹಕ್ಕನ್ನು ಮಾರುವಂತಿಲ್ಲ, ಬೇರೆಯವರಿಗೆ ಬರೆದುಕೊಡುವಂತಿಲ್ಲ, ಪರವಾನಗಿಯ ಮೇಲೆ ಕೊಡುವಂತಿಲ್ಲ, ಒತ್ತೆಯಿಡುವಂತಿಲ್ಲ. ಅಧಿಕೃತ ಬಳಕೆದಾರನು ತೀರಿಕೊಂಡರೆ ಮಾತ್ರ ಅವನ ಹಕ್ಕು ಉತ್ತರಾಧಿಕಾರಿಗೆ ಸಲ್ಲುತ್ತದೆ. ಲಂಡನ್ನಿನ ಕಂಪನಿ ಐಲಾದ ಭಟ್ಟಿಯನ್ನು ಕೊಂಡಂತೆ ಕಮಲಾಪುರದ ಹೆಸರನ್ನು ಯಾರೂ ಕೊಳ್ಳಲಾರರು. ತೋಟವನ್ನು ಕೊಳ್ಳಬಹುದು, ಹೆಸರು ಊರೊಟ್ಟಿನದಾಗಿ ನಿಲ್ಲುವುದು.

ಒಡೆತನವೆಂದರೆ ಮಾರುವ ಹಕ್ಕು ಎಂದು ತಿಳಿದಿರುವ ಈ ಕಾಲದಲ್ಲಿ, ಮಾರಲಾಗದ ಒಡೆತನ ವಿಚಿತ್ರವಾಗಿ ತೋರಬಹುದು. ಆದರೆ ಮನುಷ್ಯನು ಹೆಚ್ಚು ಬೆಲೆಕೊಡುವ ಎಷ್ಟೋ ವಸ್ತುಗಳು, ಮನೆತನದ ಮಾನ, ತಾಯಿಯ ಭಾಷೆ, ಊರ ಕೆರೆ, ಇದೇ ಜಾತಿಯವು. ಅವು ಒಬ್ಬೊಬ್ಬನಿಗೂ ಪೂರ್ತಿಯಾಗಿ ಸೇರಿವೆ, ಯಾರೊಬ್ಬನಿಗೂ ಸೇರಿಲ್ಲ. ಬಂಡಿಯವನ ತಪ್ಪು ಇಲ್ಲಿ ಇನ್ನಷ್ಟು ಸ್ಪಷ್ಟವಾಗುವುದು. ಕಮಲಾಪುರದವನು ತಾನೇ ಬಯಸಿದರೂ ಅವನಿಗೆ ಕೊಡಲಾಗದುದನ್ನು ಅವನು ತೆಗೆದುಕೊಂಡನು.

ಒಂದು ಕೊರತೆಯನ್ನು ಮಾತ್ರ ಮುಚ್ಚಿಡಬಾರದು. ಉತ್ಪಾದಕನೆಂಬ ಮಾತಿನಲ್ಲಿ ಆ ಕಾನೂನು ಬೆಳೆಯುವವನನ್ನು ಸೇರಿಸಿತು, ಹದಮಾಡಿ ಕಟ್ಟುವವನನ್ನು ಸೇರಿಸಿತು, ವ್ಯಾಪಾರ ಮಾಡುವವನನ್ನೂ ಸೇರಿಸಿತು. ಕೂಲಿಗೆ ಬಂದು ಗುಂಡಿ ತೋಡಿ ಗೊನೆ ಹೊತ್ತವನನ್ನು ಪ್ರತ್ಯೇಕವಾಗಿ ಹೆಸರಿಸಲಿಲ್ಲ. ನಂಬಿಕೆಯನ್ನು ಕೂಡಿಟ್ಟವರಲ್ಲಿ ಅವನ ಅಪ್ಪ ಅಜ್ಜಂದಿರೂ ಇದ್ದರಷ್ಟೆ. ಹುಟ್ಟಿನಿಂದಲೇ ಹಕ್ಕೆಂಬ ಮಾತು ಭೂಮಿಯಿದ್ದವನ ಮಗನಿಗೆ ಮಾತ್ರ ಸಲ್ಲಬೇಕಾದರೆ, ಬಂಡಿಯವನನ್ನು ಗದರಿಸುವ ಮೊದಲು ತೋಟದೊಡೆಯರು ತಮ್ಮ ತಮ್ಮೊಳಗೆ ಲೆಕ್ಕ ನೋಡಿಕೊಳ್ಳಬೇಕಾಗುವುದು. ಐಲಾದಲ್ಲಿಯೂ ಹೊಗೆಯ ಕೋಣೆಯಲ್ಲಿ ಸಲಿಕೆ ಹಿಡಿದವನ ಹೆಸರು ಗೋಡೆಯ ಮೇಲಿಲ್ಲ.

ಪಿತ್ರಾರ್ಜಿತವನ್ನು ಪಡೆದವನು ಅದನ್ನು ಉಳಿಸಲೂ ಬೇಕು. ಕೆಂಪು ಬಾಳೆ ಹದಿನೆಂಟು ತಿಂಗಳ ಬೆಳೆ. ಬೇರೆ ಬಾಳೆಗಳು ವರ್ಷದ ಆಸುಪಾಸಿನಲ್ಲಿ ಕೈಗೆ ಬರುವುವು. ಅಷ್ಟು ಕಾಲ ನೆಲವನ್ನೂ ನೀರನ್ನೂ ಹಿಡಿದಿಟ್ಟ ಹಣ್ಣಿಗೆ ಬೆಲೆ ಹೆಚ್ಚಾಗಿ, ಅದು ಶ್ರೀಮಂತರ ಹಣ್ಣೆಂದು ಹೆಸರಾಯಿತು. ಬಂಡಿಯ ಮೇಲೆ ದೂರದ ಹಣ್ಣು ಅದೇ ಹೆಸರಿನಲ್ಲಿ ಕಡಮೆ ಬೆಲೆಗೆ ಸಿಕ್ಕಿದರೆ ಹದಿನೆಂಟು ತಿಂಗಳು ಕಾಯುವವರು ಯಾರು? ಒಬ್ಬೊಬ್ಬನಾಗಿ ಬಿಟ್ಟುಕೊಟ್ಟರೆ, ಪುಸ್ತಕದಲ್ಲಿ ಹೆಸರಿದ್ದು ನೆಲದ ಮೇಲೆ ಹಣ್ಣಿಲ್ಲದ ದಿನವೊಂದು ಬಂದೀತು. ಐಲಾದಲ್ಲಿ ಹಾಗೆಯೇ ಆಯಿತು. ಪೋರ್ಟ್ ಎಲೆನ್ ಎಂಬ ಭಟ್ಟಿ ೧೯೮೩ರಲ್ಲಿ ಮುಚ್ಚಿತು. ಉಳಿದ ಪೀಪಾಯಿಗಳ ಸರಕು ವರ್ಷದಿಂದ ವರ್ಷಕ್ಕೆ ದುಬಾರಿಯಾಗುತ್ತ ಹೋಯಿತು. ಬೆಂಕಿಯಾರಿದ ಒಲೆಯ ಹೆಸರನ್ನು ಜನ ನಾಲ್ಕು ದಶಕ ಕೊಂಡು ಕುಡಿದರು. ೨೦೨೪ರಲ್ಲಿ ಅಲ್ಲಿ ಮತ್ತೆ ಹೊಸ ಭಟ್ಟಿ ಕಟ್ಟಿ ಒಲೆ ಹೊತ್ತಿಸಿದರು. ಪೀಪಾಯಿಯಲ್ಲಿ ಹೆಸರು ನಲವತ್ತು ವರ್ಷ ಕಾಯಬಲ್ಲುದು. ಬಾಳೆಗೆ ಅಂಥ ಪೀಪಾಯಿಯಿಲ್ಲ. ಕಂದು ಒಣಗಿದರೆ ಮರು ವರ್ಷಕ್ಕೆ ಉಳಿಯುವುದೇನೂ ಇಲ್ಲ.

ಹಾಗೆ ನೋಡಿದರೆ ಬಂಡಿಯ ಮುಂದೆ ನಿಂತ ಗೃಹಿಣಿಯ ಪಾಲೂ ಇದರಲ್ಲಿ ಇಲ್ಲದಿಲ್ಲ. ಕಮಲಾಪುರದ ಹೆಸರನ್ನು ಕೇಳಿ, ಕಮಲಾಪುರದ ಬೆಲೆಯನ್ನು ಕೇಳಿದಾಗ ಹಿಂದೆ ಸರಿಯುವ ಗಿರಾಕಿಗೆ ಬಂಡಿಯವನು ಮತ್ತೇನು ಹೇಳಿಯಾನು? “ಇವು ಮದ್ರಾಸ್ ಕಡೀವ್ರಿ ಅಕ್ಕಾರ, ಕಮಲಾಪುರದ್ದು ಬೇಕಂದ್ರ ತುಟ್ಟಿ ಆಗತಾವ” ಎಂದು ಅವನು ನಿಜ ಹೇಳಿದ ಸಂಜೆ ಅವನ ಬಂಡಿಯಿಂದ ಎಷ್ಟು ಚಿಪ್ಪು ಹೋಗುವುವೆಂಬುದು ಅವನೊಬ್ಬನ ಕೈಯಲ್ಲಿಲ್ಲ. ಅತ್ತ ಕಣಿವೆಯಲ್ಲಿ ಗೊನೆ ಕಡಿದಮೇಲೆ ತಾಯಿಬಾಳೆಯ ಬುಡದಲ್ಲಿ ಮೂರು ನಾಲ್ಕು ಕಂದುಗಳು ನಿಂತಿರುತ್ತವೆ. ಅವುಗಳನ್ನು ಕಿತ್ತು ಮತ್ತೆ ಅದೇ ಕೆಂಪು ಮಣ್ಣಿನಲ್ಲಿ ಹದಿನೆಂಟು ತಿಂಗಳಿಗೆ ನೆಡಬೇಕೋ, ಬೇಗ ಬರುವ ಬೇರೊಂದು ಬೆಳೆಗೆ ನೆಲ ಹಸನು ಮಾಡಬೇಕೋ ಎಂದು ತೋಟಿಗನು ಪೇಟೆಯ ಆ ಸಂಜೆಯ ಸುದ್ದಿಗಾಗಿ ಕಾಯುತ್ತಿರುವನು.